ದುರ್ಮುಖಿ ಸಂವತ್ಸರದ ಒಂದು ಸಾವು: ಕಾರಟಗಿ ಸೀಮೆಯ ಜನನ-ಮರಣ ದಾಖಲೆಗಳನ್ನು ಶಾಸನದಂತೆ ಓದುವುದು

ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು 1915ರಲ್ಲಿ ಗುರುತಿಸಿದವನು ಸಿ. ಬೀಡನ್. ಅವನು ವಿದ್ವಾಂಸನಲ್ಲ, ಚಿನ್ನದ ಗಣಿ ಕೆಲಸದ ಎಂಜಿನಿಯರ್. (ನಮ್ಮ ಕಸುಬಿನವನು ಅಂತ ನನಗೆ ಅವನ ಮೇಲೆ ಒಂದು ತೂಕ ಹೆಚ್ಚು ಪ್ರೀತಿ.) ಅಲ್ಲಿಯವರೆಗೆ ಸಿಕ್ಕಿದ್ದ ಬಂಡೆ, ಕಂಬಗಳಲ್ಲೆಲ್ಲ ಇದ್ದದ್ದು ರಾಜನ ಬಿರುದುಗಳು: ದೇವಾನಾಂಪ್ರಿಯ, ಪ್ರಿಯದರ್ಶಿ. ಆ ಬಿರುದಿನವನೇ ಅಶೋಕ ಅಂತ ಸಿಂಹಳದ ಗ್ರಂಥಗಳ ಆಧಾರದ ಮೇಲೆ 1837ರ ಹೊತ್ತಿಗೇ ಹೇಳಿದ್ದರು. ಆದರೆ ಬಿರುದೂ ಹೆಸರೂ ಒಂದೇ ಕಲ್ಲಿನ ಮೇಲೆ ಸಿಕ್ಕಿದ್ದು ಮಸ್ಕಿಯಲ್ಲಿ. ತಾಲ್ಲೂಕು ಕಚೇರಿಯ ಭಾಷೆಯಲ್ಲಿ ಹೇಳಬೇಕೆಂದರೆ, "ಈ ಎರಡೂ ಹೆಸರಿನ ವ್ಯಕ್ತಿ ಒಬ್ಬನೇ ಆಗಿರುತ್ತಾನೆ" ಎಂಬ ಅಫಿಡವಿಟ್ಟು ಅಶೋಕನಿಗೂ ಬೇಕಾಯಿತು. ಅದು ಸಿಕ್ಕಿದ್ದು ಕಾರಟಗಿಯಿಂದ ಸಿಂಧನೂರು ದಾಟಿದರೆ ಎದುರಾಗುವ ಒಂದು ಗುಡ್ಡದಲ್ಲಿ.

ಇದನ್ನು ಮೊದಲಿಗೆ ಹೇಳಲು ಕಾರಣ ಇದೆ. ಈಚಿನ ವರ್ಷಗಳಲ್ಲಿ ನಮ್ಮ ಕಡೆಯವರು ನನಗೆ ಶಾಸನದ ಫೋಟೋಗಿಂತ ಹೆಚ್ಚಾಗಿ ಹಳೇ ಕಾಗದದ ಫೋಟೋ ಕಳಿಸುತ್ತಾರೆ. "ಕಲ್ಲು ಓದ್ತೀರಂತಲ್ಲ, ಇದನ್ನೂ ಓದಿ ಕೊಡ್ರಿ" ಅಂತ. ಅಜ್ಜ ಹುಟ್ಟಿದ್ದು ಯಾವಾಗ, ಮುತ್ತಜ್ಜಿ ಯಾವ ಊರಿನವಳು, ಪೌತಿ ಖಾತೆಗೆ ಮರಣ ಪ್ರಮಾಣ ಪತ್ರ ಎಲ್ಲಿ ಸಿಗುತ್ತದೆ, 371(ಜೆ) ಅಡಿ ಸ್ಥಳೀಯ ಅಂತ ತೋರಿಸಲು ಏನು ದಾಖಲೆ ಇದೆ. ಕೆಲವರಿಗೆ ಬರೀ ವಂಶವೃಕ್ಷ ಬರೆಯುವ ಆಸೆ, ಹಲವರಿಗೆ ಭೂಮಿಯ ಪ್ರಶ್ನೆ. ನನಗೆ ಎರಡೂ ಒಟ್ಟಿಗೆ ಬಂದವು. ಆ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ದಾಖಲೆ ಎಲ್ಲಿರಬಹುದು ಅನ್ನೋದು. ಶಾಸನ ಹುಡುಕುವಾಗ ಊರಿನ ಹಳೆಯ ಹೆಸರು, ಹಳೆಯ ನಾಡು ಯಾವುದು ಅಂತ ನೋಡುತ್ತೇವಲ್ಲ, ಇಲ್ಲೂ ಅದೇ. ಕಾರಟಗಿ ಈಗ ತಾಲ್ಲೂಕು ಕೇಂದ್ರ. 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಅದಕ್ಕೆ ಮುಂಚೆ ಗಂಗಾವತಿ ತಾಲ್ಲೂಕು. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕೆ ಮುಂಚೆ ರಾಯಚೂರು ಜಿಲ್ಲೆ. 1956ರ ನವೆಂಬರ್ 1ಕ್ಕೆ ಮುಂಚೆ ಹೈದರಾಬಾದ್ ರಾಜ್ಯ, 1948ರ ಸೆಪ್ಟೆಂಬರಿಗೆ ಮುಂಚೆ ನಿಜಾಮರ ಆಡಳಿತ. ಪಕ್ಕದ ಕೊಪ್ಪಳ, ಯಲಬುರ್ಗಾ ಸೀಮೆಯಾದರೆ ಸಾಲಾರ್‌ಜಂಗ್ ಜಹಗೀರು. ಅದರ ದಫ್ತರವೇ ಬೇರೆ. ಹಾಗಾಗಿ ಒಂದೇ ಮನೆಯ ನಾಲ್ಕು ತಲೆಮಾರಿನ ದಾಖಲೆ ನಾಲ್ಕು ಕಡೆ ಇರುವುದು ಆಶ್ಚರ್ಯವಲ್ಲ. ಮನೆ ಕದಲಿಲ್ಲ, ಕಚೇರಿ ಕದಲಿತು.

ಮನೆಯೇ ಕದಲಿದ್ದೂ ಉಂಟು. 1947-48ರಲ್ಲಿ ರಜಾಕಾರರ ಗದ್ದಲಕ್ಕೆ ಹೆದರಿ ನದಿ ದಾಟಿ ಬಳ್ಳಾರಿ ಜಿಲ್ಲೆಗೆ ಹೋಗಿ ತಿಂಗಳುಗಟ್ಟಲೆ ಇದ್ದ ಕುಟುಂಬಗಳು ನಮ್ಮಲ್ಲಿ ಬಹಳ. ಅಲ್ಲಿ ಹುಟ್ಟಿದ ಮಗು ಕಂಪ್ಲಿ ಅಥವಾ ಸಿರುಗುಪ್ಪ ಕಡೆಯ ಮದ್ರಾಸ್ ಸರ್ಕಾರದ ಪುಸ್ತಕದಲ್ಲಿ ಇರಬಹುದು. ಆ ಪುಸ್ತಕಕ್ಕೆ 1899ರ ಮದ್ರಾಸ್ ಕಾಯಿದೆಯ ಬಲ ಇತ್ತು. ಇನ್ನು ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದವರ ಅಜ್ಜ-ಅಜ್ಜಿಯರ ದಾಖಲೆ ಅಲ್ಲೇ ಅವರ ಮೂಲ ಊರಿನಲ್ಲಿ. ಕಾರಟಗಿಯಲ್ಲಿ ಕುಳಿತು ಕಾರಟಗಿಯ ಪುಸ್ತಕ ತಿರುವಿದರೆ ಇವರು ಯಾರೂ ಸಿಗುವುದಿಲ್ಲ.

ನಿಜಾಮರ ಕಾಲದಲ್ಲಿ ಹಳ್ಳಿಯ ಹುಟ್ಟು-ಸಾವಿನ ಲೆಕ್ಕ ಪೊಲೀಸ್ ಪಾಟೀಲರ ಕೆಲಸ. ಮಾಲಿ ಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ ಈ ವಂಶಪಾರಂಪರ್ಯ ಹುದ್ದೆಗಳು 1963ರಲ್ಲಿ ರದ್ದಾದವು. ಆಗ ಅವರ ಬಳಿಯಿದ್ದ ಪುಸ್ತಕ ಸರ್ಕಾರಕ್ಕೆ ಹೋಗಬೇಕಿತ್ತು. ಕೆಲವು ಹೋದವು. ಕೆಲವು ವಾಡೆಯ ಟ್ರಂಕಿನಲ್ಲಿ ಉಳಿದವು, ಗೆದ್ದಲಿಗೂ ಹೋದವು. ಹಾಗಾಗಿ ತಾಲ್ಲೂಕಿನ ಅಭಿಲೇಖಾಲಯಕ್ಕೆ ಹೋಗುವ ಮುಂಚೆ ಊರಿನ ಪಾಟೀಲರ ಮನೆಗೆ ಹೋಗಿ ಚಹಾ ಕುಡಿದು ಬರುವುದು ಒಳ್ಳೆಯದು. ಇದು ತಮಾಷೆಗೆ ಹೇಳಿದ ಮಾತಲ್ಲ.

ಈಗಿನ ವ್ಯವಸ್ಥೆಗೆ ಆಧಾರ 1969ರ ಜನನ ಮತ್ತು ಮರಣ ನೋಂದಣಿ ಅಧಿನಿಯಮ. ನಮ್ಮಲ್ಲಿ 1970ರ ಏಪ್ರಿಲ್ 1ರಿಂದ ಜಾರಿ. ಕುಟುಂಬದ ಇತಿಹಾಸ ಹುಡುಕುವವರು ಇದರಲ್ಲಿ ನೆನಪಿಡಬೇಕಾದ್ದು 17ನೇ ಕಲಂ. ಯಾವ ವ್ಯಕ್ತಿಯಾದರೂ ಶುಲ್ಕ ಕೊಟ್ಟು ಪುಸ್ತಕದಲ್ಲಿ ಹುಡುಕಿಸಬಹುದು, ನಮೂದಿನ ಉದ್ಧೃತಿ ಪಡೆಯಬಹುದು. ಒಂದೇ ನಿರ್ಬಂಧ: ಮರಣದ ಉದ್ಧೃತಿಯಲ್ಲಿ ಸಾವಿನ ಕಾರಣ ತಿಳಿಸುವಂತಿಲ್ಲ. ಮನೆಯಲ್ಲಿ "ಕಾಲರಾದಾಗ ಹೋದ" ಅನ್ನುವ ಮಾತಿದ್ದರೆ ಅದನ್ನು ಈ ಕಾಗದದಿಂದ ಖಾತ್ರಿ ಮಾಡಿಕೊಳ್ಳಲಾಗದು.

ಕೌಂಟರಿನಲ್ಲಿ ಕೇಳುವ ಕ್ರಮ ಮುಖ್ಯ. ಹಳೆಯ ಪುಸ್ತಕದಲ್ಲಿ ಮಗುವಿನ ಹೆಸರಿನ ಜಾಗ ಸಾಮಾನ್ಯವಾಗಿ ಖಾಲಿ. ಹುಟ್ಟಿದ ವಾರದಲ್ಲಿ ಬರೆಸಿದ್ದಾರೆ, ತೊಟ್ಟಿಲಿಗೆ ಹಾಕಿ ಹೆಸರಿಟ್ಟದ್ದು ಆಮೇಲೆ. ಕಾನೂನೂ ಇದನ್ನು ಒಪ್ಪುತ್ತದೆ. ಹೆಸರಿಲ್ಲದೆ ನೋಂದಾಯಿಸಿ ಆಮೇಲೆ ಸೇರಿಸಲು 14ನೇ ಕಲಂ ಇದೆ. ಆದರೆ ಸೇರಿಸಿದವರು ಎಷ್ಟು ಮಂದಿ? ಹಾಗಾಗಿ "ಗಂಡು ಮಗು, ತಂದೆ ಇಂಥವ, ಊರು ಇಂಥದು" ಅಂತಷ್ಟೇ ಇರುತ್ತದೆ. ನೀವು ಹೋಗಿ ಅಪ್ಪನ ಈಗಿನ ಹೆಸರು ಕೊಟ್ಟರೆ ಗುಮಾಸ್ತರು ಪ್ರಾಮಾಣಿಕವಾಗಿಯೇ "ಇಲ್ಲರೀ" ಅನ್ನುತ್ತಾರೆ. ಅಜ್ಜನ ಹೆಸರು, ಅಜ್ಜನ ಅಪ್ಪನ ಹೆಸರು, ಮನೆತನದ ಅಡ್ಡಹೆಸರು, ಊರು, ಎರಡು ವರ್ಷ ಹಿಂದೆ ಮುಂದೆ ಹಿಡಿದು ಹುಡುಕಿಸಬೇಕು. ಸಿಗದಿದ್ದರೆ ಅಲಭ್ಯತಾ ಪ್ರಮಾಣ ಪತ್ರ ಕೇಳಿ ಪಡೆಯಿರಿ. ಯಾವ ವರ್ಷದಿಂದ ಯಾವ ವರ್ಷದವರೆಗೆ ಹುಡುಕಿದರು ಅನ್ನುವುದು ಅದರಲ್ಲಿ ಸ್ಪಷ್ಟವಾಗಿರಲಿ. ಸರ್ವೆ ವರದಿಯಲ್ಲಿ "ಈ ಊರಿನಲ್ಲಿ ಶಾಸನ ದೊರೆಯಲಿಲ್ಲ" ಅಂತಿದ್ದರೆ ನಾವು ಕೇಳುವುದಿಲ್ಲವೇ, ಊರೊಳಗೆ ಮಾತ್ರ ನೋಡಿದರೋ ಹಾಳುಬಿದ್ದ ಗುಡಿಗೂ ಹೋಗಿದ್ದರೋ ಅಂತ? ಅದೇ ಪ್ರಶ್ನೆ ಇಲ್ಲೂ.

ಇನ್ನು ಪುಸ್ತಕ ಸಿಕ್ಕ ಮೇಲೆ ಕಾಡುವುದು ಫಸಲಿ. ಶಿಕಸ್ತಾ ಉರ್ದುವಿನಲ್ಲಿ ಓಡಿಸಿ ಬರೆದದ್ದನ್ನು ಓದಲು ಊರಿನ ಹಿರಿಯ ಮೌಲ್ವಿಗಳೋ ಹಳೆಯ ವಕೀಲರೋ ನೆರವಾಗುತ್ತಾರೆ. ಆದರೆ ಇಸವಿಗೆ ಪರಿವರ್ತಿಸುವಲ್ಲಿ ಎಲ್ಲರೂ "590 ಕೂಡಿಸಿ" ಅಂದುಬಿಡುತ್ತಾರೆ. ಅರ್ಧ ಸರಿ. ಹೈದರಾಬಾದಿನ ಫಸಲಿ ವರ್ಷ ಆಜೂರ್ ತಿಂಗಳಿಂದ, ಅಂದರೆ ಅಕ್ಟೋಬರ್ ಮೊದಲ ವಾರದಿಂದ ಶುರು. ಆಜೂರ್, ದೈ, ಬಹಮನ್, ಇಸ್ಫಂದಾರ್, ಫರ್ವರ್ದಿ, ಅರ್ದಿಬೆಹಿಷ್ತ್, ಖುರ್ದಾದ್, ತೀರ್, ಅಮರ್ದಾದ್, ಶಹ್ರೇವರ್, ಮೆಹರ್, ಆಬಾನ್ ಇವು ಹನ್ನೆರಡು ತಿಂಗಳು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ 590 ಕೂಡಿಸಬೇಕು, ಜನವರಿಯಿಂದ ವರ್ಷದ ಕೊನೆಯವರೆಗೆ 591. ತಾಳೆ ನೋಡಲು ಗೊತ್ತಿರುವ ಒಂದು ದಾಖಲೆ ತೆಗೆದುಕೊಳ್ಳಿ: ಜಹಗೀರು ರದ್ದತಿಯ ಕಾನೂನು 1358 ಫಸಲಿಯದು, ಹೊರಟದ್ದು 1949ರ ಆಗಸ್ಟಿನಲ್ಲಿ. 590 ಕೂಡಿಸಿದರೆ 1948 ಬರುತ್ತದೆ, ಒಂದು ವರ್ಷ ತಪ್ಪು.

ಶಾಸನ ಓದುವವರಿಗೆ ಇದು ಹೊಸದಲ್ಲ. ಶಕವರ್ಷಕ್ಕೆ 78 ಕೂಡಿಸುತ್ತೇವೆ, ಆದರೆ ಪುಷ್ಯ-ಮಾಘದಲ್ಲಿ ಜನವರಿ ದಾಟಿದರೆ 79. ಇಟಗಿಯ ಮಹಾದೇವ ದೇವಾಲಯದ ಶಾಸನ ಚಾಲುಕ್ಯ ವಿಕ್ರಮ ವರ್ಷ 37ರದು. ವಿಕ್ರಮಾದಿತ್ಯನ ಶಕೆ 1076ರಿಂದ ಎಣಿಕೆ ಅಂತ ಸುಮ್ಮನೆ ಕೂಡಿಸಿದರೆ 1113 ಆಗುತ್ತದೆ, ಆದರೆ ಮೊದಲ ವರ್ಷವನ್ನೂ ಎಣಿಸಬೇಕಾದ್ದರಿಂದ ಅದು 1112. ಇಲ್ಲಿ ಇನ್ನೊಂದು ತೊಡಕು ಸೇರಿದೆ. ನದಿಯಾಚೆ ಮದ್ರಾಸಿನಲ್ಲೂ ಫಸಲಿಯೇ ನಡೆಯುತ್ತಿತ್ತು, ಆದರೆ ಅದರ ವರ್ಷ ಶುರುವಾಗುತ್ತಿದ್ದದ್ದು ಜುಲೈ 1ಕ್ಕೆ. 1948ರ ಆಗಸ್ಟಿನಲ್ಲಿ ಒಂದು ಮಗು ಹುಟ್ಟಿತು ಅನ್ನಿ. ಕಾರಟಗಿಯಲ್ಲಾದರೆ 1357 ಫಸಲಿ, ತುಂಗಭದ್ರೆ ದಾಟಿ ಸಿರುಗುಪ್ಪದಲ್ಲಾದರೆ 1358. ಅಣ್ಣ-ತಮ್ಮನ ಮಕ್ಕಳಲ್ಲಿ ಯಾರು ದೊಡ್ಡವರು ಅನ್ನುವ ಜಗಳ ಒಂದು ಮನೆಯಲ್ಲಿ ಇದರಿಂದಲೇ ನಡೆದದ್ದನ್ನು ನೋಡಿದ್ದೇನೆ.

ಮದುವೆಯ ವಿಷಯ ಬೇಗ ಮುಗಿಯುತ್ತದೆ, ಯಾಕೆಂದರೆ ಕಾಗದವೇ ಇಲ್ಲ. ಕರ್ನಾಟಕದ ವಿವಾಹ ನೋಂದಣಿ ಕಾಯಿದೆ 1976ರದ್ದು, ಆದರೆ ಜಾರಿಗೆ ಬಂದದ್ದು 2006ರಲ್ಲಿ, ಸುಪ್ರೀಂ ಕೋರ್ಟು ನೋಂದಣಿ ಕಡ್ಡಾಯ ಮಾಡಿ ಅಂದ ಮೇಲೆ. ಮುಸ್ಲಿಮರಲ್ಲಿ ಖಾಜಿಗಳ ಪುಸ್ತಕ, ಕ್ರೈಸ್ತರಲ್ಲಿ ಚರ್ಚಿನ ಪುಸ್ತಕ ಇರುತ್ತದೆ. ಉಳಿದವರ ಅಜ್ಜ-ಅಜ್ಜಿಯ ಮದುವೆಗೆ ಪ್ರಮಾಣ ಪತ್ರ ಹುಡುಕುವುದು ವ್ಯರ್ಥ. ಅದರ ಬದಲು ಅಟ್ಟ ಹತ್ತಿ. ಆಹೇರಿಯಲ್ಲಿ ಬಂದ ಹಿತ್ತಾಳೆ ಕೊಡ, ಪರಾತ, ತಂಬಿಗೆಯ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರುಗಳನ್ನು ನೋಡಿ. ಕೊಟ್ಟವರ ಹೆಸರು, ಊರು, ಎಷ್ಟೋ ಸಲ ದಿನಾಂಕ. ನಮ್ಮಲ್ಲಿ ಸೊಸೆಗೆ ಗಂಡನ ಮನೆಯಲ್ಲಿ ಹೊಸ ಹೆಸರಿಡುವ ರೂಢಿ ಹಲವು ಮನೆಗಳಲ್ಲಿ ಇತ್ತು. ನೋಂದಣಿ ಪುಸ್ತಕ, ಪಡಿತರ ಚೀಟಿ, ಮತದಾರರ ಪಟ್ಟಿ ಎಲ್ಲದರಲ್ಲೂ ಆ ಹೊಸ ಹೆಸರೇ. ತವರಿನ ಹೆಸರು ಉಳಿಯುವುದು ತವರಿನವರು ಕೊಟ್ಟ ತಂಬಿಗೆಯ ಮೇಲೆ. ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ತೋಳು ಮಾತ್ರ ಇದ್ದು ಹೆಸರಿಲ್ಲದ್ದನ್ನು ನೋಡಿ ನೋಡಿ ಅಭ್ಯಾಸವಾಗಿದ್ದ ನನಗೆ, ಮುತ್ತಜ್ಜಿಯ ಹುಟ್ಟುಹೆಸರು ಒಂದು ತಂಬಿಗೆಯ ಮೇಲೆ ಸಿಕ್ಕಿದಾಗ ಒಂದು ದೊಡ್ಡ ಶಾಸನ ಸಿಕ್ಕಷ್ಟೇ ಖುಷಿಯಾಯಿತು. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಅಕ್ಷರ ಸವೆಯುತ್ತವೆ. ಹಿಟ್ಟು ಸವರಿ ಬೆಳಕನ್ನು ಓರೆಯಾಗಿ ಬಿಟ್ಟು ಫೋಟೋ ತೆಗೆಯಿರಿ.

ಶಾಲೆಯ ದಾಖಲಾತಿ ರಿಜಿಸ್ಟರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜೂನ್ 1 ಅಂತ ಇದ್ದರೆ ಅದು ಮಗು ಹುಟ್ಟಿದ ದಿನವಲ್ಲ, ಶಾಲೆ ತೆರೆದ ದಿನ. ಮೇಷ್ಟ್ರು ಮಗುವಿನ ಕೈಯನ್ನು ತಲೆ ಮೇಲಿಂದ ಹಾಸಿ ಕಿವಿ ಮುಟ್ಟುತ್ತದೆಯೇ ನೋಡಿ ವರ್ಷ ಗೊತ್ತುಮಾಡಿದ್ದು. ಆದರೂ ಆ ರಿಜಿಸ್ಟರಿಗೆ ಒಂದು ಬೆಲೆ ಇದೆ: ಮಗು ಇಂಥ ವರ್ಷ ಇಂಥ ಊರಿನಲ್ಲಿ ಇತ್ತು ಅನ್ನುವುದಕ್ಕೆ ಅದು ಅಂದೇ ಬರೆದ ಸಾಕ್ಷಿ.

ಈ "ಅಂದೇ ಬರೆದ" ಅನ್ನುವ ಮಾತೇ ನನಗೆ ಇಡೀ ವಿಷಯದ ತಿರುಳು. ಜನನ ಪ್ರಮಾಣ ಪತ್ರ ಕೈಗೆ ಬಂದ ಕೂಡಲೇ ಎಲ್ಲರೂ ನೋಡುವುದು ಜನ್ಮ ದಿನಾಂಕದ ಖಾನೆ. ನೀವು ಅದಕ್ಕಿಂತ ಮೊದಲು ಕೆಳಗಿನ ನೋಂದಣಿ ದಿನಾಂಕ ನೋಡಿ. ಕಾನೂನಿನ ಪ್ರಕಾರ 21 ದಿನದೊಳಗೆ ತಿಳಿಸಬೇಕು. 30 ದಿನದವರೆಗೆ ದಂಡ ಕೊಟ್ಟರೆ ಆಯಿತು. ವರ್ಷದವರೆಗೆ ಅಧಿಕಾರಿಯ ಲಿಖಿತ ಅನುಮತಿ. ವರ್ಷ ದಾಟಿದರೆ ಆದೇಶ ಬೇಕು; ಹಿಂದೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಕೋರ್ಟಿನಿಂದ, 2023ರ ಅಕ್ಟೋಬರ್ 1ರಂದು ಜಾರಿಯಾದ ತಿದ್ದುಪಡಿಯ ನಂತರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಂದ. ಜನ್ಮ ದಿನಾಂಕ 1938, ನೋಂದಣಿ ದಿನಾಂಕ 2011 ಅಂತಿದ್ದರೆ ಅದು 1938ರ ದಾಖಲೆ ಅಲ್ಲ. 2011ರಲ್ಲಿ ಒಬ್ಬರು ಅಫಿಡವಿಟ್ಟಿನಲ್ಲಿ ಹೇಳಿದ್ದನ್ನು ಒಬ್ಬ ಅಧಿಕಾರಿ ನಂಬಿದ್ದರ ದಾಖಲೆ. ಕಾನೂನಿಗೆ ಅದು ಪೂರ್ಣ ಸಿಂಧು. ಚರಿತ್ರೆಗೆ ಅದು ನಕಲು ಪ್ರತಿ.

ನಮ್ಮ ಕ್ಷೇತ್ರದಲ್ಲಿ ಇದಕ್ಕೆ ಹಳೆಯ ಉದಾಹರಣೆ ಗಂಗರ ತಾಮ್ರಪಟಗಳು. ಹಲವಾರು ತಾಮ್ರಪಟ ಹೇಳಿಕೊಳ್ಳುವ ಕಾಲ ಒಂದು, ಅಕ್ಷರ ತೋರಿಸುವ ಕಾಲ ಇನ್ನೊಂದು. ಫ್ಲೀಟ್ ಅವುಗಳಲ್ಲಿ ಬಹಳಷ್ಟನ್ನು ಕೂಟ ಶಾಸನ ಅಂತಲೇ ತಳ್ಳಿಹಾಕಿದ. ಆಮೇಲಿನವರು ಅಷ್ಟು ಕಠಿಣರಾಗಲಿಲ್ಲ. ಕಳೆದುಹೋದ ಮೂಲವನ್ನು ಮತ್ತೆ ಬರೆಸಿದ್ದೂ ಇರಬಹುದು, ಭೂಮಿಯ ಹಕ್ಕಿಗಾಗಿ ಹುಟ್ಟಿಸಿದ್ದೂ ಇರಬಹುದು. ತಡವಾಗಿ ನೋಂದಾಯಿಸಿದ ಪ್ರಮಾಣ ಪತ್ರದಲ್ಲೂ ಈ ಎರಡೂ ಬಗೆ ಇವೆ. ಮೇಲ್ನೋಟಕ್ಕೆ ಎರಡಕ್ಕೂ ಒಂದೇ ಮುದ್ರೆ, ಒಂದೇ ಕ್ಯೂಆರ್ ಕೋಡು. ಹಾಗಾಗಿ ವಂಶವೃಕ್ಷ ಬರೆಯುವವರು ಆ ಆದೇಶದ ಕಡತದ ನಕಲು ತೆಗೆಸಿ, ಯಾವ ಆಧಾರದ ಮೇಲೆ ದಿನಾಂಕ ಹೇಳಿದರು ಅಂತ ನೋಡಬೇಕು. ಪ್ರಮಾಣ ಪತ್ರಕ್ಕಿಂತ ಆ ಕಡತವೇ ಹೆಚ್ಚು ಮಾತಾಡುತ್ತದೆ.

ಈಗ ನಮ್ಮ ಮನೆಯ ವಿಷಯ. ಕಾರಟಗಿ ಹತ್ತಿರದ ನಮ್ಮೂರಿನಲ್ಲಿ ನಾಲ್ಕೂವರೆ ಎಕರೆ ನೀರಾವರಿ ಭೂಮಿ ಇವತ್ತಿಗೂ ಅಜ್ಜನ ಹೆಸರಿನಲ್ಲಿದೆ. ಅಪ್ಪ, ಇಬ್ಬರು ಕಾಕಂದಿರು, ಇಬ್ಬರು ಅತ್ತೆಯರು. ಅತ್ತೆಯರಲ್ಲಿ ಒಬ್ಬರು ತೀರಿಕೊಂಡಿದ್ದಾರೆ, ಅವರ ಮಕ್ಕಳಿದ್ದಾರೆ. ಪೌತಿ ಖಾತೆ ಮಾಡಿಸೋಣ ಅಂತ ಹೊರಟಾಗ ಅಜ್ಜನ ಮರಣ ಪ್ರಮಾಣ ಪತ್ರ ಬೇಕಾಯಿತು. ಹುಡುಕಿಸಿದೆವು, ಸಿಗಲಿಲ್ಲ, ಅಲಭ್ಯತಾ ಪತ್ರ ಬಂತು. ಇನ್ನು ಆದೇಶ ತರಬೇಕು, ಅದಕ್ಕೆ ದಿನಾಂಕ ಬೇಕು. ದೊಡ್ಡ ಕಾಕಾ ಬರೆಸಿಕೊಂಡು ಬಂದ ಅರ್ಜಿಯಲ್ಲಿ 1953 ಅಂತಿತ್ತು.

"ಡ್ಯಾಮಿನ ನೀರು ಬಂದ ವರ್ಷ ಅಪ್ಪ ಹೋದ. ಇದ್ರಾಗ ಏನ್ ಸಂಶೋಧನೆ ಮಾಡ್ತಿ?" ಅಂದರು.

ಅರ್ಜಿ ಬರೆಯುವ ಮಧ್ಯವರ್ತಿ ನನ್ನನ್ನು ಬದಿಗೆ ಕರೆದು ಇನ್ನೂ ನೇರವಾಗಿ ಹೇಳಿದ: 56ರ ಮುಂಚಿನದ್ದಾದ್ರೆ ಕಿರಿಕಿರಿ ಇರಂಗಿಲ್ಲರೀ ಸಾರ್.

ಅವನ ಮಾತಿನ ಅರ್ಥ ಇಷ್ಟು. ಹಿಂದೂ ಉತ್ತರಾಧಿಕಾರ ಅಧಿನಿಯಮ ಜಾರಿಗೆ ಬಂದದ್ದು 1956ರ ಜೂನ್ 17ರಂದು. ಅದಕ್ಕೆ ಮುಂಚೆ ಸತ್ತವನಿಗೆ ಗಂಡುಮಕ್ಕಳಿದ್ದರೆ ಆಸ್ತಿ ಹಳೆಯ ಕ್ರಮದಂತೆ ಅವರ ಕಡೆಗೆ. ಆ ದಿನದ ನಂತರ ಸತ್ತಿದ್ದರೆ ಹೆಣ್ಣುಮಕ್ಕಳೂ ವಾರಸುದಾರರು. ಅಂದರೆ ಅಜ್ಜ ಸತ್ತ ದಿನಾಂಕದ ಖಾನೆಯಲ್ಲಿ ಏನು ಬರೆಯುತ್ತೇವೆ ಅನ್ನುವುದರ ಮೇಲೆ ಇಬ್ಬರು ಹೆಣ್ಣುಮಕ್ಕಳ ಪಾಲು ನಿಂತಿತ್ತು. ಅಪ್ಪನ ಪಾಲು, ಹಾಗಾಗಿ ನನ್ನದೂ, ಅದರಿಂದಲೇ ಹೆಚ್ಚು ಕಡಿಮೆ ಆಗುವುದಿತ್ತು. ಇದನ್ನು ಮುಚ್ಚಿಟ್ಟು ಬರೆದರೆ ಓದುಗರು ನನ್ನ ವಾಚನವನ್ನು ಅನುಮಾನಿಸಬೇಕಾಗುತ್ತದೆ.

ಕಾಕಾ ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ತಿಳಿದಿಲ್ಲ. ಅಣೆಕಟ್ಟಿಗೆ ಅಡಿಗಲ್ಲು 1945ರಲ್ಲಿ, ನೀರು ಬಿಟ್ಟದ್ದು 1953ರಲ್ಲಿ, ಅದು ಪುಸ್ತಕದ ಮಾತು. ಆದರೆ ಕಾಲುವೆ ಅನ್ನುವುದು ನಲ್ಲಿ ತಿರುವಿದ ಹಾಗೆ ಒಂದೇ ದಿನ ಬರುವಂಥದ್ದಲ್ಲ. ಮುಖ್ಯ ಕಾಲುವೆ, ಉಪಕಾಲುವೆ, ಹೊಲಗಾಲುವೆ ಅಂತ ಹಂತ ಹಂತವಾಗಿ ವರ್ಷಗಟ್ಟಲೆ ನಡೆದ ಕೆಲಸ. "ನೀರು ಬಂದ ವರ್ಷ" ಅಂದರೆ ರೈತನಿಗೆ ತನ್ನ ಹೊಲಕ್ಕೆ ನೀರು ಬಂದ ವರ್ಷ. ಅದನ್ನು 1953 ಮಾಡಿದ್ದು ಕಾಕಾನ ನೆನಪಲ್ಲ, ಅರ್ಜಿ ಬರೆದವನ ಸಾಮಾನ್ಯ ಜ್ಞಾನ.

ಅತ್ತಿಯನ್ನು ಕೇಳಿದೆ. ಆಕೆಗೆ ಆಗ ಎಂಟೋ ಒಂಬತ್ತೋ ವರ್ಷ. "ರಾಜ್ಯ ಒಂದಾತಂತ ಸಾಲ್ಯಾಗ ಪೇಢೆ ಹಂಚಿದ್ರು ತಮ್ಮಾ. ನಾ ಮನಿಗೆ ತಂದು ಅವ್ವಗ ಕೊಟ್ಟೆ. ಆವಾಗ ಅವ್ವ ಇನ್ನೂ ಬಾಗಲ ದಾಟಿ ಹೊರಗ ಬರ್ತಿದ್ದಿಲ್ಲ." ರಾಜ್ಯ ಒಂದಾದದ್ದು 1956ರ ನವೆಂಬರ್ 1. ಗಂಡ ಸತ್ತ ಹೊಸದರಲ್ಲಿ ಹೆಂಗಸು ಹೊಸಲು ದಾಟದೆ ಕೂರುವುದು ತಿಂಗಳುಗಳ ಮಾತು, ಮೂರು ವರ್ಷದ್ದಲ್ಲ. ಆದರೆ ಇದೂ ನೆನಪೇ, ಅದೂ ಪಾಲಿರುವವರ ನೆನಪು.

ಹೆಳವರನ್ನೂ ಬಿಡಲಿಲ್ಲ. ಸುಗ್ಗಿಯ ಮೇಲೆ ಎತ್ತು ಹೊಡೆದುಕೊಂಡು ಬಂದು ಮನೆಯ ಮುಂದೆ ನಿಂತು ವಂಶ ಹೊಗಳಿ ಕಾಳು ಪಡೆಯುವವರು. ಅವರ ಹೊತ್ತಿಗೆಯಲ್ಲಿ ನಮ್ಮ ಮನೆತನ ಏಳು ತಲೆಮಾರು ಇದೆ. ಅಜ್ಜ ಯಾರ ಮಗ, ಅಜ್ಜನ ಅಣ್ಣತಮ್ಮಂದಿರು ಯಾರು, ಯಾವ ಊರಿಂದ ಬಂದೆವು ಎಲ್ಲ ಸಿಕ್ಕಿತು. ಇಸವಿ ಒಂದೂ ಇಲ್ಲ. ಅದು ಅವರ ವಿದ್ಯೆಯ ಸ್ವರೂಪ. ಯಾರ ನಂತರ ಯಾರು ಅಂತ ಹೇಳುತ್ತದೆ, ಯಾವಾಗ ಅಂತ ಹೇಳುವುದಿಲ್ಲ. ಅತ್ತೆಯರ ಹೆಸರೂ ಅದರಲ್ಲಿಲ್ಲ.

ಕೊನೆಗೆ ಉಳಿದದ್ದು ಹೊಲದ ಬದುವಿನ ಗದ್ದುಗೆ. ನಮ್ಮದು ಹೂಳುವ ಪದ್ಧತಿ. ಅಜ್ಜನ ಗದ್ದುಗೆಯ ತಲೆಯ ಕಡೆ ಒಂದೂವರೆ ಅಡಿಯ ಕಣಶಿಲೆಯ ಚಪ್ಪಡಿ ಇದೆ ಅಂತ ಚಿಕ್ಕಂದಿನಿಂದ ನೋಡಿದ್ದೆವು, ಪ್ರತಿ ವರ್ಷ ಸುಣ್ಣ ಬಳಿದು ಬಳಿದು ಅಕ್ಷರ ಮುಚ್ಚಿಹೋಗಿತ್ತು. ಸುಣ್ಣದ ಪದರನ್ನು ನೀರಿನಲ್ಲಿ ನೆನೆಸಿ ಬಿದಿರಿನ ಕಡ್ಡಿಯಿಂದ ಬಿಡಿಸಲು ಎರಡು ಭಾನುವಾರ ಹಿಡಿಯಿತು. ಐದು ಸಾಲು. ಮೇಲೆ ಲಿಂಗದ ಗೀರುಚಿತ್ರ. ಮೊದಲೆರಡು ಸಾಲು ಅಜ್ಜನ ಹೆಸರು, ಅವನ ತಂದೆಯ ಹೆಸರು. ಮೂರನೆಯದರಲ್ಲಿ "ದುರಮುಕಿ ಸಂ ಶ್ರಾವಣ". ಅದರ ಮುಂದೆ ತಿಥಿ, ವಾರ ಇದ್ದ ಜಾಗದಲ್ಲಿ ಕಲ್ಲು ಚಕ್ಕೆ ಎದ್ದಿದೆ. ನಾಲ್ಕನೆಯದರಲ್ಲಿ "ಲಿಂಗೈಕ್ಯ". ಐದನೆಯದರಲ್ಲಿ ಕಲ್ಲು ಹಾಕಿಸಿದವರ ಹೆಸರು, ಅಜ್ಜನ ತಮ್ಮ.

ದುರಮುಕಿ ಅಂದರೆ ದುರ್ಮುಖಿ. ಒಡ್ಡರವನು ಕೇಳಿದ ಹಾಗೆ ಕೆತ್ತಿದ್ದಾನೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಶಕವರ್ಷ ಕೊಟ್ಟಿಲ್ಲ. ದುರ್ಮುಖಿ ಬಂದದ್ದು 1896-97ರಲ್ಲಿ, 1956-57ರಲ್ಲಿ, 2016-17ರಲ್ಲಿ. ಮೊದಲನೆಯದಕ್ಕೆ ಅಜ್ಜ ಹುಟ್ಟಿರಲಿಲ್ಲ, ಮೂರನೆಯದಕ್ಕೆ ನಾನೇ ನೌಕರಿಯಲ್ಲಿದ್ದೆ. ಉಳಿದದ್ದು ಒಂದೇ. 1953 ವಿಜಯ, 1954 ಜಯ, 1955 ಮನ್ಮಥ. ಈ ಮೂರರಲ್ಲಿ ಯಾವುದನ್ನೂ ದುರಮುಕಿ ಅಂತ ಓದಲಾಗದು. ದುರ್ಮುಖಿಯ ಶ್ರಾವಣ 1956ರ ಆಗಸ್ಟ್ 7ರ ಆಸುಪಾಸಿನಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ. ಕಾಯಿದೆ ಜಾರಿಗೆ ಬಂದು ಏಳು ವಾರ ಕಳೆದ ಮೇಲೆ, ಏಕೀಕರಣಕ್ಕೆ ಎರಡು ಚಿಲ್ಲರೆ ತಿಂಗಳು ಮುಂಚೆ. ಅತ್ತಿಯ ಪೇಢೆಯ ಲೆಕ್ಕ ಕೂಡಿತು.

ಆದರೆ ಪ್ರಮಾಣ ಪತ್ರಕ್ಕೆ ಕೇಳಿದ ಪ್ರಶ್ನೆ ಕಲ್ಲಿಗೂ ಕೇಳಬೇಕು: ಇದನ್ನು ಯಾವಾಗ ಹಾಕಿದರು? ಕಲ್ಲು ಸಾವಿನ ಕಾಲ ಹೇಳುತ್ತದೆ, ತನ್ನ ಕಾಲ ಹೇಳುವುದಿಲ್ಲ. ವರ್ಷದ ಪೂಜೆಯ ಹೊತ್ತಿಗೆ ಹಾಕಿಸಿದ್ದು ಅಂತ ದೊಡ್ಡ ಕಾಕಾ ತಾವೇ ನೆನಪಿಸಿಕೊಂಡರು. ಹಾಕಿಸಿದ ಚಿಕ್ಕಜ್ಜ ತೀರಿಕೊಂಡು ನಲವತ್ತು ವರ್ಷದ ಮೇಲಾಯಿತು. ಹಾಗಾಗಿ ಇದು ಈಗಿನ ತಕರಾರಿಗೆ ಹುಟ್ಟಿದ ಕಲ್ಲಲ್ಲ. ಇಲ್ಲಿ ನನಗೆ ಆಶ್ಚರ್ಯ ತಂದದ್ದು ಕಾನೂನು. 1872ರ ಸಾಕ್ಷ್ಯ ಅಧಿನಿಯಮದ 32ನೇ ಕಲಂ, ತೀರಿಹೋದವರು ಕುಟುಂಬದ ಸಂಬಂಧಗಳ ಬಗ್ಗೆ ವಂಶಾವಳಿಯಲ್ಲೋ ಸಮಾಧಿಯ ಕಲ್ಲಿನ ಮೇಲೋ ಹೇಳಿದ ಮಾತನ್ನು ಸಾಕ್ಷ್ಯವಾಗಿ ಒಪ್ಪುತ್ತದೆ, ತಕರಾರು ಹುಟ್ಟುವ ಮುಂಚೆ ಹೇಳಿದ್ದಾಗಿರಬೇಕು ಅನ್ನುವ ಷರತ್ತಿನೊಂದಿಗೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ಮಾತು ಉಳಿದಿದೆ. ಸಂಬಂಧಕ್ಕೆ ಹೇಳಿದ್ದು ಸಾವಿನ ತಿಂಗಳಿಗೂ ಸಲ್ಲುತ್ತದೆಯೇ ಅನ್ನುವುದನ್ನು ವಕೀಲರಿಗೆ ಬಿಟ್ಟಿದ್ದೇನೆ. ಆದರೆ ತಕರಾರಿಗಿಂತ ಮೊದಲಿನ ಮಾತೇ ಅನ್ನುವ ಪರೀಕ್ಷೆಯನ್ನು ಕೂಟ ಶಾಸನ ಗುರುತಿಸುವವರು ಮಾತ್ರ ಮಾಡುವುದು ಅಂತ ನಾನು ತಿಳಿದಿದ್ದೆ.

ಕಲ್ಲಿನ ಪಡಿಯಚ್ಚು ಮೂರು ಪ್ರತಿ ತೆಗೆದೆ. ಒಂದು ಅರ್ಜಿಗೆ, ಒಂದು ಅತ್ತಿಗೆ, ಒಂದು ದೊಡ್ಡ ಕಾಕಾನಿಗೆ. ಕಾಕಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಅಪ್ಪನ ಹೆಸರು ಚಂದ ಬಂದೈತಿ" ಅಂದರು, 1953ರ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಅಂತ ಅನ್ನಲಿಲ್ಲ. ಸಣ್ಣ ಕಾಕಾ ನನ್ನ ಜೊತೆ ಮಾತಾಡುವುದನ್ನು ಕಡಿಮೆ ಮಾಡಿದ್ದಾರೆ. ಅಪ್ಪ ಮಾತ್ರ "ಕಲ್ಲಿನಾಗ ಏನೈತೋ ಅದ ಬರಿ" ಅಂದಿದ್ದಾರೆ.

ಬರೆಯುವುದರಲ್ಲೇ ಈಗ ತೊಡಕು. ಕಲ್ಲಿನಲ್ಲಿ ತಿಂಗಳಿದೆ, ದಿನವಿಲ್ಲ. ಅರ್ಜಿಯ ಖಾನೆ ದಿನ ಕೇಳುತ್ತದೆ. ಮನೆಯಲ್ಲಿ ಶ್ರಾವಣದ ಮೂರನೇ ಸೋಮವಾರ ಗದ್ದುಗೆಗೆ ಎಡೆ ಇಡುತ್ತೇವೆ, ಅದೇ ದಿನ ಹಾಕಿಬಿಡ್ರಿ ಅಂತ ವಕೀಲರ ಸಲಹೆ. ಆದರೆ ನಮ್ಮ ಕಡೆ ಶ್ರಾವಣ ಸೋಮವಾರ ಎಲ್ಲರ ಮನೆಯ ಗದ್ದುಗೆಗೂ ಎಡೆ ಹೋಗುತ್ತದೆ, ಅದು ಅಜ್ಜ ಸತ್ತ ವಾರ ಅನ್ನಲು ಆಧಾರವಿಲ್ಲ. ಸಾಲಿನ ಅಂತ್ಯದಲ್ಲಿ ಚಕ್ಕೆ ಎದ್ದ ಜಾಗದ ಬಲಕ್ಕೆ ಒಂದು ಕೊಂಬು ಉಳಿದಿದೆ. ಅದು "ಶು"ವಿನದೋ "ಗು"ವಿನದೋ ಹೇಳಲಾಗುತ್ತಿಲ್ಲ. ಶುದ್ಧವೋ, ಶುಕ್ರವಾರವೋ, ಗುರುವಾರವೋ. ಪಡಿಯಚ್ಚನ್ನು ನನಗಿಂತ ನುರಿತ ಇಬ್ಬರಿಗೆ ಕಳಿಸಿದ್ದೇನೆ. ಅರ್ಜಿಯಲ್ಲಿ ಸದ್ಯಕ್ಕೆ "ದುರ್ಮುಖಿ ಸಂವತ್ಸರ ಶ್ರಾವಣ ಮಾಸ, ಆಗಸ್ಟ್-ಸೆಪ್ಟೆಂಬರ್ 1956" ಅಂತ ಬರೆದು, ದಿನದ ಮನೆಯನ್ನು ಖಾಲಿ ಬಿಟ್ಟು, ಕಲ್ಲಿನ ಫೋಟೋ ಲಗತ್ತಿಸಿ ಕೊಟ್ಟಿದ್ದೇವೆ. ಗದ್ದುಗೆಗೆ ಗ್ರಾನೈಟ್ ಹಾಕಿಸುವ ಮಾತು ಮನೆಯಲ್ಲಿ ನಡೆದಿತ್ತು. ಆದೇಶ ಬರುವವರೆಗೆ ಕಲ್ಲು ಮುಟ್ಟುವುದು ಬೇಡ ಅಂತ ಅದಕ್ಕೆ ಮಾತ್ರ ಮೂವರು ಅಣ್ಣತಮ್ಮಂದಿರೂ ಒಪ್ಪಿದ್ದಾರೆ.